ಟಾರ್ಚ್‌ಗಳ ಕೆಟ್ಟ ಚಾಳಿಗಳು: ಅಂಗಡಿಯಲ್ಲೇ ಪತ್ತೆ ಹಚ್ಚೋದು ಹೇಗೆ, ಮನೇಲಿ ಸರಿಪಡಿಸಬಹುದಾದ್ದು ಯಾವುದು?

ಬೆಳಕಿನಕೋಲು ಕೇಳಿದ್ದು:

ಟಾರ್ಚ್ ವಿಷಯದಲ್ಲಿ ಒಂದು ಗೋಳು ತೀರೋದೇ ಇಲ್ಲ. ಎಲ್‌ಇಡಿ ಒಳ್ಳೇದೇ ಇರುತ್ತೆ, ಬಾಡಿ ಗಟ್ಟಿ, ಬೆಲೆಯೂ ಪರವಾಗಿಲ್ಲ. ಆದರೆ ಎಲ್ಲೋ ಒಂದು ಕಡೆ ಎಡವಟ್ಟು ಮಾಡಿರ್ತಾರೆ, ಆ ಒಂದರಿಂದ ಇಡೀ ಟಾರ್ಚೇ ಬೇಡ ಅನ್ನಿಸುತ್ತೆ. ನಡುರಾತ್ರಿ ತ್ರೀಫೇಸ್ ಬಂತು ಅಂತ ಪಂಪ್‌ಸೆಟ್ ಕಡೆ ಹೊರಟವರಿಗೆ ಸ್ಟಾರ್ಟರ್ ಪೆಟ್ಟಿಗೆ ಕಾಣಬೇಕು ಅಷ್ಟೆ. ಪೊಲೀಸ್ ಜೀಪಿನ ಹಾಗೆ ಮಿಣಿಮಿಣಿ ಅನ್ನೋ ಬೆಳಕು ಯಾರಿಗೆ ಬೇಕು?

ನನ್ನ ಪಟ್ಟಿಯಲ್ಲಿ ಸದ್ಯಕ್ಕೆ ಮೂರಿವೆ. ಒಂದು, ಮಾಮೂಲಿ ಮೋಡ್‌ಗಳ ನಡುವೆ ತುರುಕಿದ ಸ್ಟ್ರೋಬ್, ಅಂದರೆ ಆ ಮಿಣಿಮಿಣಿ ಬೆಳಕು. ಎರಡು, ಟೈಪ್-ಸಿ ಜ್ಯಾಕ್ ಇದ್ದರೂ ಫೋನಿನ ಚಾರ್ಜರಿಗೆ ಹಾಕಿದರೆ ಚಾರ್ಜ್ ಆಗದ ಟಾರ್ಚ್. ಮೂರು, ಬೀರುವಿನಲ್ಲಿ ಸುಮ್ಮನೆ ಇಟ್ಟಿದ್ದರೂ ಎರಡು ತಿಂಗಳಿಗೆ ಖಾಲಿಯಾಗೋ ಸೆಲ್. ಇವು ಯಾಕಾಗುತ್ತೆ, ಕೊಳ್ಳೋ ಮೊದಲು ಹೇಗೆ ಗೊತ್ತು ಮಾಡ್ಕೋಬೇಕು, ಬೆಸುಗೆ ಕಬ್ಬಿಣ ಮತ್ತು ಮಲ್ಟಿಮೀಟರ್ ಇದ್ದವರು ಯಾವುದನ್ನ ಸರಿ ಮಾಡಬಹುದು? ಪಟ್ಟಿಗೆ ಸೇರಿಸೋದಿದ್ದರೆ ಅದನ್ನೂ ಹೇಳಿ. 18650 ಅಥವಾ 21700 ಅನ್ನೋ, ಮತ್ತೆ ಮತ್ತೆ ಚಾರ್ಜ್ ಮಾಡೋ ಲಿಥಿಯಂ ಸೆಲ್ಲಿನ ಟಾರ್ಚ್ ಅಂತ ಇಟ್ಕೊಳ್ಳಿ.

ಕತ್ತಲೆಕಣ್ಣು:

ಸ್ಟ್ರೋಬ್ ಇರುವುದೇ ತಪ್ಪಲ್ಲ, ಅದನ್ನು ಸರಪಳಿಯಲ್ಲಿ ಪೋಣಿಸಿದ್ದು ತಪ್ಪು. ಹೈ, ಮೀಡಿಯಂ, ಲೋ, ಸ್ಟ್ರೋಬ್, ಎಸ್‌ಒಎಸ್ (ಅಪಾಯದ ಸಂಕೇತದ ಮಿನುಗು) ಅಂತ ಐದೂ ಒಂದೇ ಸುತ್ತಿನಲ್ಲಿದ್ದರೆ ಲೋದಿಂದ ಹೈಗೆ ಹೋಗಲು ಪ್ರತಿ ಸಲವೂ ಎರಡು ಮಿಣಿಮಿಣಿ ದಾಟಲೇಬೇಕು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ, ಅದನ್ನು ಕೆಡಿಸಲು ಒಂದು ಸೆಕೆಂಡ್ ಸಾಕು. ಹೊತ್ತಿಸಿದ ಕೂಡಲೇ ಹೈಯಲ್ಲೇ ಶುರುವಾಗುವ ಟಾರ್ಚೂ ಇದೇ ಪಾಪ ಮಾಡುತ್ತದೆ.

ಆದರೆ ಸ್ಟ್ರೋಬಿಗಿಂತ ದೊಡ್ಡ ಕಿರಿಕಿರಿಯೊಂದಿದೆ, ಅಂಗಡಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ: ಮೆಮೊರಿಯ ಬಗೆ. ಕಡೆಗೆ ಬಿಟ್ಟ ಮೋಡ್‌ನಲ್ಲೇ ಮತ್ತೆ ಹೊತ್ತಿಕೊಳ್ಳುವುದು ಒಂದು ಬಗೆ. ಏನೂ ನೆನಪಿಡದೆ ಯಾವಾಗಲೂ ಒಂದೇ ಮೋಡ್‌ನಲ್ಲಿ ಶುರುವಾಗುವುದು ಇನ್ನೊಂದು, ಆ ಮೋಡ್ ಲೋ ಆಗಿದ್ದರೆ ಇದರಷ್ಟು ಒಳ್ಳೆಯದಿಲ್ಲ. ಮೂರನೆಯದು ಆರಿಸಿ ಹೊತ್ತಿಸಿದಾಗೆಲ್ಲ ಮುಂದಿನ ಮೋಡ್‌ಗೆ ಜಿಗಿಯುವಂಥದ್ದು. ಇದರಲ್ಲಿ ನೀವು ಲೋ ಬಳಸಿ ಆರಿಸಿದ್ದರೆ ಮುಂದಿನ ಸಲ ಸ್ಟ್ರೋಬೇ ಗತಿ. ಕೈ ಎಷ್ಟು ಪಳಗಿದ್ದರೂ ಇದನ್ನು ಊಹಿಸಲು ಬರುವುದಿಲ್ಲ.

ಅಂಗಡಿಯಲ್ಲಿ ಪರೀಕ್ಷೆ ಹೀಗೆ: ಲೋಗೆ ತಂದು ಐದು ಸೆಕೆಂಡ್ ಬಿಡಿ. ಆರಿಸಿ, ಹತ್ತು ಎಣಿಸಿ, ಮತ್ತೆ ಹೊತ್ತಿಸಿ. ಲೋ ಬಂದರೆ ಮೆಮೊರಿ ಇದೆ, ಇಲ್ಲವೇ ಅದು ಯಾವಾಗಲೂ ಲೋದಲ್ಲೇ ಶುರುವಾಗುವ ಬಗೆ. ಹೈ ಬಂದರೆ ಬಹುಶಃ ಮೆಮೊರಿ ಇಲ್ಲ. ಮೀಡಿಯಂ ಬಳಸಿ ಇನ್ನೊಮ್ಮೆ ನೋಡಿ, ಆಗಲೂ ಹೈ ಬಂದರೆ ಖಚಿತ. ಎರಡು ಸಲವೂ ಸುತ್ತಿನಲ್ಲಿ ಅದರ ಮುಂದಿನದೇ ಬಂದರೆ ಕೌಂಟರ್ ಮೇಲೆ ಇಟ್ಟು ಬನ್ನಿ. ಹತ್ತು ಎಣಿಸಿ ಅಂದದ್ದು ಸುಮ್ಮನಲ್ಲ, ಒಂದೇ ಸೆಕೆಂಡಿನಲ್ಲಿ ಮತ್ತೆ ಒತ್ತಿದರೆ ಇಂಥ ಬಹುತೇಕ ಟಾರ್ಚ್ ಮುಂದಿನ ಮೋಡ್‌ಗೆ ಹೋಗುತ್ತದೆ, ಅದು ಸಹಜ.

ಸರಿಪಡಿಸುವುದು? ತಲೆಯೊಳಗಿನ ಡ್ರೈವರ್ ಬೋರ್ಡ್ (ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಸರ್ಕೀಟ್) 17 ಮಿ.ಮೀ. ವ್ಯಾಸದ್ದಾಗಿದ್ದರೆ ಅದೃಷ್ಟ, ಆ ಅಳತೆಯಲ್ಲಿ ಬದಲಿ ಬೋರ್ಡ್ ಧಾರಾಳ ಸಿಗುತ್ತವೆ. ಕೆಲವು ಬೋರ್ಡ್‌ಗಳ ಮೇಲೆ ನಕ್ಷತ್ರದ ಗುರುತಿನ ಪುಟ್ಟ ಪ್ಯಾಡ್ ಇರುತ್ತದೆ. ಅದನ್ನು ಅಂಚಿನ ಗ್ರೌಂಡ್ ಬಳೆಗೆ ಒಂದು ಹನಿ ಬೆಸುಗೆಯಿಂದ ಸೇರಿಸಿದರೆ ಮೋಡ್ ಗುಂಪೇ ಬದಲಾಗುತ್ತದೆ. ಬೋರ್ಡನ್ನು ಅಂಟು ಹಾಕಿ ಕೂರಿಸಿದ್ದರೆ ಬಿಟ್ಟುಬಿಡಿ, ತೆಗೆಯುವಷ್ಟರಲ್ಲಿ ಎಲ್‌ಇಡಿ ವೈರು ಕಿತ್ತುಬರುತ್ತದೆ.

ನಮ್ಮವರ ತಪ್ಪೂ ಒಂದು ಹೇಳಿಬಿಡುತ್ತೇನೆ. ಆಂಡುರಿಲ್ ಅಂತ ಮುಕ್ತ ತಂತ್ರಾಂಶವೊಂದಿದೆ, ಹವ್ಯಾಸಿಗಳ ಅಚ್ಚುಮೆಚ್ಚು. ಒಂದು ಕ್ಲಿಕ್ಕಿಗೆ ಹೊತ್ತಿಕೊಳ್ಳುತ್ತದೆ, ಆರಿದ್ದಾಗ ಒತ್ತಿ ಹಿಡಿದರೆ ಅತಿ ಮಂದ ಬೆಳಕು, ನಾಲ್ಕು ಕ್ಲಿಕ್ಕಿಗೆ ಬೀಗ. ಅಲ್ಲಿಯವರೆಗೆ ಸೊಗಸು. ಆದರೆ ಅಡ್ವಾನ್ಸ್ಡ್ ಮೋಡ್‌ನಲ್ಲಿಟ್ಟು ಮನೆಮಂದಿಯ ಕೈಗೆ ಕೊಟ್ಟರೆ ಮೂರನೇ ದಿನ ಅದು ಮೋಂಬತ್ತಿಯ ಹಾಗೆ ಓಲಾಡುತ್ತಿರುತ್ತದೆ, ನಿಲ್ಲಿಸುವುದು ಯಾರಿಗೂ ಗೊತ್ತಿರುವುದಿಲ್ಲ. ಎರಡನೇ ಆವೃತ್ತಿಯಲ್ಲಿ ಸಿಂಪಲ್ ಮೋಡ್ ಇದೆ. ಆರಿದ್ದಾಗ ಹತ್ತು ಕ್ಲಿಕ್ ಮಾಡಿದರೆ ಅಲ್ಲಿಗೆ ಮರಳುತ್ತದೆ, ಬೇರೆಯವರಿಗೆ ಹಾಗೆ ಮಾಡಿಯೇ ಕೊಡಿ.

ಕಾದಕಬ್ಬಿಣ:

ಟೈಪ್-ಸಿ ರೋಗಕ್ಕೆ ಕಾರಣ ಎರಡು ರೆಸಿಸ್ಟರ್. ಅಷ್ಟೇ. ಎರಡೂ ಸೇರಿ ಒಂದು ರೂಪಾಯಿಯೂ ಆಗದ ಭಾಗ.

ಹಳೆಯ ಟೈಪ್-ಎ ಪೋರ್ಟಿನಲ್ಲಿ 5 ವೋಲ್ಟ್ ಸದಾ ಇರುತ್ತದೆ. ಟೈಪ್-ಸಿ ಪೋರ್ಟ್ ಹಾಗಲ್ಲ, ಎದುರಿಗೆ ಯಾರೋ ಇದ್ದಾರೆ ಅಂತ ಖಾತ್ರಿಯಾಗುವವರೆಗೆ ಅದು ವೋಲ್ಟೇಜ್ ಕೊಡುವುದೇ ಇಲ್ಲ. ಕರೆಂಟ್ ಬೇಡುವ ಸಾಧನ ಸಿಸಿ1, ಸಿಸಿ2 ಎಂಬ ಎರಡು ಪಿನ್‌ಗಳನ್ನು ತಲಾ 5.1 ಕಿಲೋಓಮ್ ರೆಸಿಸ್ಟರ್ ಮೂಲಕ ಗ್ರೌಂಡಿಗೆ ಎಳೆದಿರಬೇಕು. ಅದೇ ಗುರುತು. ಟಾರ್ಚಿನವರು ಆ ಎರಡನ್ನು ಹಾಕುವುದಿಲ್ಲ, ಬದಲಿಗೆ ಡಬ್ಬದಲ್ಲಿ ಟೈಪ್-ಎಯಿಂದ ಸಿಗೆ ಹೋಗುವ ಗಿಡ್ಡ ಕೇಬಲ್ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಅದರಲ್ಲಿ ಚಾರ್ಜ್ ಆಗುತ್ತದೆ. ಎರಡೂ ತುದಿ ಸಿ ಇರುವ ಕೇಬಲ್ಲಿನಲ್ಲಿ ಸತ್ತ ಹಾಗೆ ಬಿದ್ದಿರುತ್ತದೆ.

ಇನ್ನೊಂದು ಅರೆಬರೆ ಕೆಲಸವಿದೆ: ಸಿಸಿ1, ಸಿಸಿ2 ಎರಡನ್ನೂ ಜೋಡಿಸಿ ಒಂದೇ ರೆಸಿಸ್ಟರ್ ಹಾಕುವುದು. ಮಾಮೂಲಿ ಕೇಬಲ್ಲಿನಲ್ಲಿ ಇದು ನಡೆಯುತ್ತದೆ. ಒಳಗೆ ಗುರುತಿನ ಚಿಪ್ ಇರುವ ದಪ್ಪ ಲ್ಯಾಪ್‌ಟಾಪ್ ಕೇಬಲ್ ಹಾಕಿದರೆ ಚಾರ್ಜರ್ ಇದನ್ನು ಆಡಿಯೊ ಅಡಾಪ್ಟರ್ ಎಂದು ತಿಳಿದು ಕರೆಂಟ್ ಕೊಡದೆ ಕೂರುತ್ತದೆ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡಿನಲ್ಲೂ ಇದೇ ತಪ್ಪಿತ್ತು. ಹಾಗಾಗಿ ಟಾರ್ಚಿನವರನ್ನಷ್ಟೇ ಬೈದು ಉಪಯೋಗವಿಲ್ಲ.

ಸರಿಪಡಿಸುವ ಕ್ರಮ. ಸೆಲ್ ತೆಗೆದಿಡಿ. ಚಾರ್ಜಿಂಗ್ ಬೋರ್ಡ್ ಹೊರಗೆ ಬರುವಂತಿದ್ದರೆ ಜ್ಯಾಕಿನ ಹಿಂದಿನ ಕಾಲುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಕರೆಂಟಿಗಷ್ಟೇ ಇರುವ 6 ಕಾಲಿನ ಜ್ಯಾಕ್ ಆದರೆ ಎರಡು ತುದಿಗೆ ಗ್ರೌಂಡ್, ಅದರ ಪಕ್ಕ 5 ವೋಲ್ಟ್, ನಡುವಿನ ಎರಡು ಸಿಸಿ. 16 ಕಾಲಿನದಾದರೆ ಎ5, ಬಿ5 ಎಂದು ಹೆಸರಿಸಿದವು. ಮೀಟರನ್ನು ಓಮ್ಸ್‌ಗೆ ಇಟ್ಟು ಪ್ರತಿ ಸಿಸಿಯಿಂದ ಗ್ರೌಂಡಿಗೆ ಅಳೆಯಿರಿ. ಎರಡೂ ಕಡೆ 5.1 ಕಿಲೋ ಬಂದರೆ ದೋಷ ಬೇರೆಲ್ಲೋ ಇದೆ. ತೆರೆದ ಸರ್ಕೀಟ್ ತೋರಿಸಿದರೆ 0402 ಅಥವಾ 0603 ಅಳತೆಯ 5.1 ಕಿಲೋ ರೆಸಿಸ್ಟರ್ ಎರಡನ್ನು ತಂದು ಒಂದೊಂದು ಸಿಸಿಯಿಂದ ಜ್ಯಾಕಿನ ಲೋಹದ ಕವಚದ ಕಾಲಿಗೆ ಬೆಸೆಯಿರಿ. ಕವಚ ಗ್ರೌಂಡಿಗೆ ಸೇರಿದೆಯೇ ಎಂದು ಮೊದಲು ಬೀಪ್ ನೋಡಿಕೊಳ್ಳಿ, ಎಲ್ಲದರಲ್ಲೂ ಸೇರಿರುವುದಿಲ್ಲ. ಸಿಸಿಯ ಪಕ್ಕದ ಕಾಲೇ 5 ವೋಲ್ಟಿನದು, ಬೆಸುಗೆ ಅಲ್ಲಿಗೆ ಹರಿದರೆ ಚಾರ್ಜರಿನ 5 ವೋಲ್ಟ್ ಸಿಸಿಗೆ ನುಗ್ಗುತ್ತದೆ. ಮುಗಿದ ಮೇಲೆ ಮತ್ತೆ ಅಳೆದು ನೋಡದೆ ಪ್ಲಗ್ ಚುಚ್ಚಬೇಡಿ. ತೀರಾ ಅಗ್ಗದವುಗಳಲ್ಲಿ ಜ್ಯಾಕಿಗೆ ಇರುವುದೇ ಎರಡು ಕಾಲು, ಸಿಸಿ ಪಿನ್ ಇಲ್ಲವೇ ಇಲ್ಲ. ಅದಕ್ಕೆ ಎ-ಸಿ ಕೇಬಲ್ಲೇ ಗತಿ.

ಅಂಗಡಿಯಲ್ಲಿ ಪತ್ತೆ ಹಚ್ಚಲು ಒಂದು ಸಿ-ಸಿ ಕೇಬಲ್, ಫೋನ್ ಸಾಕು. ಇತ್ತೀಚಿನ ಬಹುತೇಕ ಫೋನ್‌ಗಳು ಆ ಕೇಬಲ್ಲಿನಿಂದ ಟಾರ್ಚಿಗೆ ಕರೆಂಟ್ ಕೊಡುತ್ತವೆ. ಟಾರ್ಚಿನ ಕೆಂಪು ದೀಪ ಹತ್ತಿದರೆ ಸರಿ, ಕೇಬಲ್ ತಿರುಗಿಸಿ ಹಾಕಿ ಇನ್ನೊಮ್ಮೆ ನೋಡಿ. ಒಂದೇ ಸಿಸಿಗೆ ರೆಸಿಸ್ಟರ್ ಹಾಕಿದ ಮಹಾಶಯರೂ ಇದ್ದಾರೆ.

ಜ್ಯಾಕಿನ ಮೇಲಿನ ರಬ್ಬರ್ ಮುಚ್ಚಳದ ಬಗ್ಗೆ ಒಂದು ಮಾತು. ಡಬ್ಬದ ಮೇಲೆ ಐಪಿಎಕ್ಸ್8 (ನೀರಿನಲ್ಲಿ ಮುಳುಗಿದರೂ ತಡೆಯುತ್ತದೆ ಎಂಬ ಗುರುತು) ಎಂದಿದ್ದರೆ ಅದು ಆ ಮುಚ್ಚಳ ಗಟ್ಟಿಯಾಗಿ ಕೂತಿರುವಾಗಿನ ಮಾತು. ಮುಚ್ಚಳದ ಬಾಲ ಹರಿದ ದಿನ ಆ ಅಂಕಿಗೂ ಅರ್ಥವಿಲ್ಲ. ತಿರುಪು ಬಿಚ್ಚಿದರೆ ಮಾತ್ರ ಜ್ಯಾಕ್ ಕಾಣುವಂತೆ ಮಾಡಿದ ಟಾರ್ಚ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತಗೊಳ್ಳಿ.

ಹಳೇಸೆಲ್ಲು:

ಮೂರನೆಯದಕ್ಕೆ ಉತ್ತರ. ಟಾರ್ಚಿನ ಪಕ್ಕದಲ್ಲಿ ಮೆದು ಗುಂಡಿ ಇದ್ದರೆ ಅದು ನಿಜವಾದ ಸ್ವಿಚ್ ಅಲ್ಲ, ಒಳಗಿನ ಚಿಪ್ಪಿಗೆ ಬಾಗಿಲು ತಟ್ಟುವ ಗುಂಡಿ. ಚಿಪ್ ಸದಾ ಎಚ್ಚರವಾಗಿರಬೇಕು, ಅದಕ್ಕೆ ಸೆಲ್ಲಿನಿಂದ ಒಂದಿಷ್ಟು ಕರೆಂಟ್ ಹರಿಯುತ್ತಲೇ ಇರುತ್ತೆ. ಎಷ್ಟು ಅನ್ನೋದೇ ಪ್ರಶ್ನೆ. 3000 ಎಂಎಎಚ್ ಸೆಲ್ ಅಂತ ಇಟ್ಕೊಂಡರೆ:

20 ಮೈಕ್ರೊಆಂಪ್ ಆದರೆ 1,50,000 ಗಂಟೆ, ಅಂದರೆ 17 ವರ್ಷ. ಅಷ್ಟರಲ್ಲಿ ಸೆಲ್ಲೇ ಮುದಿಯಾಗಿರುತ್ತೆ, ಚಿಂತೆ ಬೇಡ.
1 ಮಿಲಿಆಂಪ್ ಆದರೆ 125 ದಿನ.
3 ಮಿಲಿಆಂಪ್ ಆದರೆ ಆರು ವಾರ.

ನಿಮ್ಮ ಎರಡು ತಿಂಗಳ ಲೆಕ್ಕ 2 ಮಿಲಿಆಂಪ್ ಸುತ್ತಮುತ್ತ ಬರುತ್ತೆ. ಇಷ್ಟು ತಿನ್ನೋದು ಸಾಮಾನ್ಯವಾಗಿ ನಿದ್ದೆಗೆ ಹೋಗದ ಚಿಪ್, ಇಲ್ಲವೇ ಗುಂಡಿಯ ಸುತ್ತ ಸದಾ ಉರಿಯೋ ಚೆಂದದ ನೀಲಿ ದೀಪ.

ಅಳೆಯೋದು: ಹಿಂದಿನ ಮುಚ್ಚಳ ತೆಗೆಯಿರಿ. ಮೀಟರಿನ ಒಂದು ಕಡ್ಡಿ ಸೆಲ್ಲಿನ ಹಿಂಭಾಗಕ್ಕೆ, ಇನ್ನೊಂದು ಕೊಳವೆಯ ಅಂಚಿನ ಬೋಳು ಅಲ್ಯೂಮಿನಿಯಂಗೆ. ಮೊದಲು 10 ಆಂಪ್ ರೇಂಜಿನಲ್ಲೇ ಶುರು ಮಾಡಿ, ಟಾರ್ಚ್ ಆರಿದೆ ಅಂತ ಖಾತ್ರಿಯಾದ ಮೇಲೆ ಮಿಲಿಆಂಪ್, ಕಡೆಗೆ ಮೈಕ್ರೊಆಂಪ್. ಕೈ ತಗುಲಿ ಟಾರ್ಚ್ ಹೊತ್ತಿಕೊಂಡರೆ ಮಿಲಿಆಂಪ್ ರೇಂಜಿನಲ್ಲಿ ಮೀಟರಿನ ಫ್ಯೂಸ್ ಹೋಗಬಹುದು.

ಸುಲಭ ಪರಿಹಾರ ಅಂದರೆ ಇಟ್ಟಿರುವಾಗ ಹಿಂದಿನ ಮುಚ್ಚಳವನ್ನ ಕಾಲು ಸುತ್ತು ಸಡಿಲ ಮಾಡೋದು. ಆದರೆ ತಿರುಪಿನ ಮೇಲೆ ಆನೊಡೈಸ್ ಇದ್ದರೆ ಮಾತ್ರ ಇದು ನಡೆಯುತ್ತೆ. ಆ ಪದರ ಅಲ್ಯೂಮಿನಿಯಂ ಆಕ್ಸೈಡ್, ಕರೆಂಟ್ ಬಿಡಲ್ಲ. ಕರೆಂಟ್ ಹೋಗೋದು ಕೊಳವೆಯ ಬೋಳು ಅಂಚು ಮುಚ್ಚಳಕ್ಕೆ ಒತ್ತಿದಾಗ ಮಾತ್ರ. ತಿರುಪೇ ಬೋಳಾಗಿ ಬೆಳ್ಳಗೆ ಹೊಳೀತಿದ್ದರೆ ಎಷ್ಟು ಸಡಿಲ ಮಾಡಿದರೂ ಸಂಪರ್ಕ ತಪ್ಪಲ್ಲ. ಅಂಗಡಿಯಲ್ಲಿ ಮುಚ್ಚಳ ತಿರುಗಿಸಿ ನೋಡಿ, ತಿರುಪು ಬಾಡಿಯದೇ ಬಣ್ಣದಲ್ಲಿದ್ದರೆ ಒಳ್ಳೇದು. ಮನೆಗೆ ತಂದ ಮೇಲೆ ಹೊಳಪು ಬರಲಿ ಅಂತ ಅದನ್ನ ಉಜ್ಜೋಕೆ ಹೋಗಬೇಡಿ.

ಸೆಲ್ಲಿನ ವಿಷಯಕ್ಕೆ ಬಂದರೆ ನನ್ನ ಕೋಪ ಬೇರೆ. 18650 ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ ಅಂತ ಹೆಸರಿನಲ್ಲೇ ಇದೆ. ಹಿಂದೆ ರಕ್ಷಣಾ ಸರ್ಕೀಟ್, ಮುಂದೆ ಗುಬುಟು ಸೇರಿಸಿದರೆ 68ರಿಂದ 70 ಆಗುತ್ತೆ. ಒಂದು ಟಾರ್ಚಿನಲ್ಲಿ ಉದ್ದದ್ದು ಹಿಡಿಸಲ್ಲ, ಇನ್ನೊಂದರಲ್ಲಿ ಗಿಡ್ಡದ್ದು ಗಡಗಡ ಅಂತ ಅಲ್ಲಾಡುತ್ತೆ. ಮತ್ತೆ ಕೆಲವರು ಸೆಲ್ ತಿರುಗುಮುರುಗು ಹಾಕಿದರೂ ಬೋರ್ಡ್ ಸುಡದಿರಲಿ ಅಂತ ಮುಂದಿನ ಸಂಪರ್ಕದ ಸುತ್ತ ಪ್ಲಾಸ್ಟಿಕ್ ಬಳೆ ಇಡ್ತಾರೆ. ಉದ್ದೇಶ ಒಳ್ಳೇದು, ಆದರೆ ಚಪ್ಪಟೆ ತಲೆಯ ಸೆಲ್ ಅಲ್ಲಿ ಮುಟ್ಟೋದೇ ಇಲ್ಲ. ಅದಕ್ಕೆ ಪುಟಾಣಿ ಅಯಸ್ಕಾಂತ ಇಟ್ಟು ಕೆಲಸ ಸಾಗಿಸಿ ಅಂತ ವಿಡಿಯೊಗಳಲ್ಲಿ ಹೇಳ್ತಾರೆ. ಬೇಡ. ಸೆಲ್ಲಿನ ಡಬ್ಬಿ ಪೂರ್ತಿ ಮೈನಸ್, ಪ್ಲಸ್ ತುದಿಯ ಸುತ್ತ ಮಡಚಿದ ಅಂಚು ಕೂಡ ಮೈನಸ್ಸೇ. ನಡುವೆ ಇರೋದು ತೆಳು ಹೊದಿಕೆ ಮತ್ತೊಂದು ಕಾಗದದ ಉಂಗುರ. ಟಾರ್ಚ್ ಕೆಳಗೆ ಬಿದ್ದು ಅಯಸ್ಕಾಂತ ಎರಡು ಮಿ.ಮೀ. ಸರಿದರೆ ನೇರ ಶಾರ್ಟ್. ಗುಬುಟು ತಲೆಯ ಸೆಲ್ಲನ್ನೇ ಕೊಳ್ಳಿ.

9800 ಎಂಎಎಚ್ ಅಂತ ಬರೆದ 18650 ಇದ್ದರೆ ತಕ್ಕಡಿಗೆ ಹಾಕಿ. ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತೆ, ಸಾಮರ್ಥ್ಯ 3500 ಆಸುಪಾಸು. 30 ಗ್ರಾಂ ಬಂದರೆ ಒಳಗೆ ಏನಿದೆಯೋ ದೇವರೇ ಬಲ್ಲ.

ಬೆಳಕಿನಕೋಲು:

ಹಳೇಸೆಲ್ಲು ಅವರೇ, ಮುಚ್ಚಳ ತೆಗೆದು ಮೀಟರ್ ಹಾಕಿದರೆ ಮೈಕ್ರೊಆಂಪ್ ರೇಂಜಿನಲ್ಲಿ ಅಂಕಿ ನಿಲ್ಲೋದೇ ಇಲ್ಲ. ಒಮ್ಮೆ ಏರುತ್ತೆ, ಒಮ್ಮೆ ಸೊನ್ನೆ. ಟಾರ್ಚ್ ಗುಂಡಿಗೂ ಸ್ಪಂದಿಸಲ್ಲ.

ಹಳೇಸೆಲ್ಲು:

ಮೀಟರಿನ ಒಳಗಿನ ರೆಸಿಸ್ಟೆನ್ಸ್ ಆ ರೇಂಜಿನಲ್ಲಿ ಜಾಸ್ತಿ. ಚಿಪ್ ಏಳುವಾಗ ಒಂದು ಗುಟುಕು ದೊಡ್ಡ ಕರೆಂಟ್ ಕೇಳುತ್ತೆ, ಮೀಟರ್ ಮೂಲಕ ಅಷ್ಟು ಬರಲ್ಲ, ವೋಲ್ಟೇಜ್ ಕುಸಿದು ಚಿಪ್ ಮತ್ತೆ ಮಲಗುತ್ತೆ. ಹೀಗೆ ಎದ್ದು ಬಿದ್ದು ಮಾಡ್ತಿದೆ. ಮೀಟರ್ ಕಡ್ಡಿಗಳನ್ನ ಇಟ್ಟ ಮೇಲೆ ಅದೇ ಎರಡು ಜಾಗದ ನಡುವೆ ಒಂದು ವೈರಿನ ತುಂಡು ಅಡ್ಡ ಹಿಡೀರಿ. ಟಾರ್ಚ್ ಕಣ್ಣು ಮಿಟುಕಿಸಿ ಎಚ್ಚರಗೊಳ್ಳುತ್ತೆ. ಹತ್ತು ಸೆಕೆಂಡ್ ಬಿಟ್ಟು, ಅದು ನಿದ್ದೆಗೆ ಜಾರಿದ ಮೇಲೆ, ಮೀಟರ್ ಕಡ್ಡಿ ಅಲುಗದ ಹಾಗೆ ವೈರ್ ತೆಗೀರಿ. ಈಗ ನಿಂತ ಅಂಕಿಯೇ ಸರಿಯಾದ್ದು.

ಮೂರುಫೇಸ್:

ಎಲ್ಲರೂ 18650 ಅಂತಿದ್ದೀರಿ. ಹಳ್ಳಿ ಅಂಗಡೀಲಿ ಇವತ್ತಿಗೂ ನೇತಾಡ್ತಿರೋದು ಗೋಡೆ ಸಾಕೆಟ್ಟಿಗೆ ನೇರ ಚುಚ್ಚೋ ಎರಡು ಪಿನ್ನಿನ ಪ್ಲಾಸ್ಟಿಕ್ ಟಾರ್ಚು. ಒಳಗೆ 4 ವೋಲ್ಟಿನ ಸೀಸದ ಬ್ಯಾಟರಿ. ಜಾಸ್ತಿ ಜನ ಬಳಸೋದೂ, ಜಾಸ್ತಿ ಬೈಸಿಕೊಳ್ಳೋದೂ ಇದೇ. ಇದರ ಹೊಟ್ಟೆ ಬಿಚ್ಚಿ ನೋಡೋಣ.

ಚಾರ್ಜರ್ ಅಂತ ಇರೋದು ಒಂದು ಕೆಪಾಸಿಟರ್, ನಾಲ್ಕು ಡಯೋಡ್. ಟ್ರಾನ್ಸ್‌ಫಾರ್ಮರ್ ಇಲ್ಲ. ಕೆಪಾಸಿಟರ್ ಮೇಲೆ 105 ಅಂತಿದ್ದರೆ 1 ಮೈಕ್ರೊಫ್ಯಾರಡ್; 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಅದು ಬಿಡೋದು ಸುಮಾರು 70 ಮಿಲಿಆಂಪ್. ಬ್ಯಾಟರಿ ತುಂಬಿತೋ ಇಲ್ಲವೋ ಅದಕ್ಕೆ ಬೇಕಿಲ್ಲ, ಪ್ಲಗ್‌ನಲ್ಲಿ ಇರೋವರೆಗೂ ತಳ್ಳುತ್ತಲೇ ಇರುತ್ತೆ. ರಾತ್ರಿ ಹಾಕಿ ಮಾರನೇ ಸಂಜೆ ತೆಗೆದರೆ ತುಂಬಿದ ಬ್ಯಾಟರಿಯೊಳಗಿನ ನೀರು ಅನಿಲವಾಗಿ ಹೋಗುತ್ತೆ, ಬ್ಯಾಟರಿ ಒಣಗುತ್ತೆ. ಖಾಲಿ ಮಾಡಿ ತಿಂಗಳುಗಟ್ಟಲೆ ಮೂಲೆಗೆಸೆದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತೆ. ಜಾಸ್ತಿ ಚಾರ್ಜ್ ಮಾಡಿದರೂ ಸಾಯುತ್ತೆ, ಕಮ್ಮಿ ಮಾಡಿದರೂ ಸಾಯುತ್ತೆ. ತುಂಬಿದಾಗ ನಿಲ್ಲಿಸೋ ಸರ್ಕೀಟ್ ಇಲ್ಲದ್ದೇ ಮೂಲ ಕಾರಣ.

ಅದಕ್ಕಿಂತ ಮುಖ್ಯ, ಒಳಗಿನ ಪ್ರತಿ ತಂತಿಯೂ ಚಾರ್ಜ್ ಆಗುವಾಗ ಮೇನ್ಸ್‌ಗೆ ನೇರ ಸಂಪರ್ಕದಲ್ಲಿರುತ್ತೆ. ಗಾಜು ಒಡೆದ ಟಾರ್ಚನ್ನ ಚಾರ್ಜಿಗೆ ಹಾಕಿ ಎಲ್‌ಇಡಿ ಮುಟ್ಟಿದರೆ ಶಾಕ್ ಖಾತ್ರಿ. ಕೆಪಾಸಿಟರಿಗೆ ಅಡ್ಡಲಾಗಿ ಅದನ್ನ ಬರಿದು ಮಾಡೋ ರೆಸಿಸ್ಟರ್ ಹಾಕಿರದಿದ್ದರೆ ಪ್ಲಗ್ ತೆಗೆದ ಮೇಲೂ ಪಿನ್ ಮುಟ್ಟಿದರೆ ಜುಮ್ ಅನ್ನುತ್ತೆ. ಒದ್ದೆ ಕೈಯಲ್ಲಿ ಮುಟ್ಟಲೇಬೇಡಿ.

ಬಾಡಿ, ರಿಫ್ಲೆಕ್ಟರ್ ಚೆನ್ನಾಗಿದ್ದರೆ 18650ಗೆ ಬದಲಾಯಿಸೋದು ಕಷ್ಟವಲ್ಲ. ಬೇಕಾದ್ದು ಒಂದು ಸೆಲ್, ಒಂದು ಹೋಲ್ಡರ್, ಟಿಪಿ4056 ಚಾರ್ಜಿಂಗ್ ಬೋರ್ಡ್. ಬೋರ್ಡ್ ಕೊಳ್ಳುವಾಗ ಡಿಡಬ್ಲ್ಯೂ01 ರಕ್ಷಣಾ ಚಿಪ್ ಇರೋದನ್ನೇ ಕೇಳಿ. ಅದಕ್ಕೆ ಬಿ ಪ್ಲಸ್, ಬಿ ಮೈನಸ್ ಅಲ್ಲದೆ ಔಟ್ ಪ್ಲಸ್, ಔಟ್ ಮೈನಸ್ ಅಂತ ಬೇರೆ ಪ್ಯಾಡ್ ಇರ್ತವೆ. ಮೊದಲ ಕೆಲಸ ಹಳೇ ಕೆಪಾಸಿಟರ್, ಡಯೋಡ್, ಎರಡು ಪಿನ್ ಎಲ್ಲವನ್ನೂ ಕಿತ್ತು ಬಿಸಾಕೋದು. ಪಿನ್ ಉಳಿಸಿ ವೈರ್ ಮಾತ್ರ ಕತ್ತರಿಸಿದರೆ ಸಾಲದು, ನಾಳೆ ಯಾರೋ ಮತ್ತೆ ಸಾಕೆಟ್ಟಿಗೆ ಚುಚ್ತಾರೆ. ಲಿಥಿಯಂ ಸೆಲ್ಲಿಗೆ ಆ ಕೆಪಾಸಿಟರ್ ಕರೆಂಟ್ ಹೋದರೆ 4.2 ವೋಲ್ಟಿಗೆ ನಿಲ್ಲಿಸೋರು ಯಾರೂ ಇಲ್ಲ, ಬೆಂಕಿ ಹೊತ್ತಿಕೊಳ್ಳೋ ಕೆಲಸ ಅದು.

ಆಮೇಲೆ ಸೆಲ್ಲನ್ನ ಬಿ ಪ್ಯಾಡ್‌ಗಳಿಗೆ, ಸ್ವಿಚ್ ಮತ್ತು ಎಲ್‌ಇಡಿ ದಾರಿಯನ್ನ ಔಟ್ ಪ್ಯಾಡ್‌ಗಳಿಗೆ ಬೆಸೆಯಿರಿ. ಎಲ್‌ಇಡಿಗೆ ಸರಣಿಯಲ್ಲಿದ್ದ ರೆಸಿಸ್ಟರ್ ಹಾಗೇ ಇರಲಿ. ಬೋರ್ಡಿನ ಮೇಲೆ 1.2 ಕಿಲೋಓಮ್ ಪ್ರೋಗ್ರಾಂ ರೆಸಿಸ್ಟರ್ ಇದ್ದರೆ ಚಾರ್ಜಿಂಗ್ 1 ಆಂಪ್, ಅದನ್ನ 2.4 ಕಿಲೋಗೆ ಬದಲಾಯಿಸಿದರೆ ಅರ್ಧ ಆಂಪ್. ಮುಚ್ಚಿದ ಪ್ಲಾಸ್ಟಿಕ್ ಡಬ್ಬದಲ್ಲಿ ಬೋರ್ಡ್ ಚೆನ್ನಾಗಿ ಕಾಯುತ್ತೆ, ಅರ್ಧ ಆಂಪೇ ಕ್ಷೇಮ. ಡಿಡಬ್ಲ್ಯೂ01 ಕತ್ತರಿಸೋದು 2.4 ವೋಲ್ಟ್ ಹತ್ತಿರ, ಅಷ್ಟು ಕೆಳಗೆ ಇಳಿಸಿದರೆ ಸೆಲ್ಲಿನ ಆಯಸ್ಸು ಕಮ್ಮಿ. ಬೆಳಕು ಮಂಕಾದಾಗಲೇ ಚಾರ್ಜಿಗೆ ಹಾಕಿ. ಆ ಬೋರ್ಡಿನ ಟೈಪ್-ಸಿ ಜ್ಯಾಕಿಗೂ ಕಾದಕಬ್ಬಿಣ ಹೇಳಿದ ಎರಡು ರೆಸಿಸ್ಟರ್ ಇದೆಯಾ ಅಂತ ಅಳೆದೇ ಹಾಕಿ, ಎಷ್ಟೋ ಬೋರ್ಡಲ್ಲಿ ಇರಲ್ಲ.

ನೆರಳುಬೆಳಕು:

ಪಟ್ಟಿಗೆ ನನ್ನದೊಂದು: ಡಬ್ಬದ ಮೇಲಿನ ಅಂಕಿ. ಸುಳ್ಳು ಅಂಕಿಯ ಮಾತು ಬಿಡಿ, ನಿಯಮಬದ್ಧ ಅಂಕಿಯೇ ದಾರಿ ತಪ್ಪಿಸುತ್ತದೆ.

2009ರಲ್ಲಿ ಬಂದ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಟಾರ್ಚ್ ಮಾನದಂಡದ ಪ್ರಕಾರ ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ) ಅಳೆಯುವುದು ಹೊತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. ಬಾಳಿಕೆಯ ಗಂಟೆ ಎಣಿಸುವುದು ಬೆಳಕು ಶುರುವಿನ ಶೇ. 10ಕ್ಕೆ ಇಳಿಯುವವರೆಗೆ. ಈ ಎರಡು ನಿಯಮದ ನಡುವಿನ ಸಂದಿಯಲ್ಲಿ ಏನು ಬೇಕಾದರೂ ಅಡಗಿಸಬಹುದು. ಮೂರು ನಿಮಿಷ 1000 ಲ್ಯೂಮೆನ್ ಕೊಟ್ಟು, ಆಮೇಲೆ 300ಕ್ಕೆ ಇಳಿಸಿ ಗಂಟೆಗಟ್ಟಲೆ ಎಳೆದರೂ ಡಬ್ಬದ ಮೇಲೆ 1000 ಲ್ಯೂಮೆನ್, 3 ಗಂಟೆ ಎಂದೇ ಬರೆಯಬಹುದು. ಕಾನೂನಿಗೆ ತಪ್ಪಿಲ್ಲ.

ಇದನ್ನು ಪರೀಕ್ಷಿಸಲು ಒಂದು ಒರಟು ಲೆಕ್ಕ ಸಾಕು. 3000 ಎಂಎಎಚ್ ಸೆಲ್ಲಿನಲ್ಲಿರುವುದು ಸುಮಾರು 11 ವ್ಯಾಟ್-ಅವರ್. ಡ್ರೈವರಿನ ನಷ್ಟ ಕಳೆದು ವ್ಯಾಟಿಗೆ 100 ಲ್ಯೂಮೆನ್ ಹಿಡಿಯಿರಿ. ಒಟ್ಟು 1100 ಲ್ಯೂಮೆನ್-ಗಂಟೆ. ಮೂರು ಗಂಟೆ ಉರಿದರೆ ಸರಾಸರಿ 370ಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ನೀವು ಕೊಳ್ಳುತ್ತಿರುವುದು 370 ಲ್ಯೂಮೆನ್ ಟಾರ್ಚ್.

ಹಾರುವ ದೂರದ ಅಂಕಿಯೂ ಹಾಗೆಯೇ. ಬೀಳುವ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವನ್ನು ದೂರ ಎಂದು ಬರೆಯುತ್ತಾರೆ. ಅದು ತಿಳಿ ಆಕಾಶದ ಹುಣ್ಣಿಮೆಯಷ್ಟು ಬೆಳಕು. ಕಿರಣದ ತೀವ್ರತೆ 10,000 ಕ್ಯಾಂಡೆಲಾ ಇದ್ದರೆ ಲೆಕ್ಕಕ್ಕೆ 200 ಮೀಟರ್. ಆ ದೂರದಲ್ಲಿ ನಿಂತದ್ದು ಎಮ್ಮೆಯೋ ಕಾಡುಕೋಣವೋ ಹೇಳಬೇಕೆಂದರೆ ಅರ್ಧಕ್ಕಿಂತ ಹೆಚ್ಚು ನಂಬಬೇಡಿ.

ಬಿಸಿಗೆ ಬೆಳಕು ಇಳಿಸುವುದನ್ನು ಎಲ್ಲರೂ ಬೈಯುತ್ತಾರೆ, ನಾನು ಬೈಯುವುದಿಲ್ಲ. 50 ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಏರಲು 45 ಜೂಲ್ ಸಾಕು. 11 ವ್ಯಾಟ್ ಬಿಸಿ ಅದರೊಳಗೆ ಸುರಿದರೆ ನಾಲ್ಕು ಸೆಕೆಂಡಿಗೊಂದು ಡಿಗ್ರಿ, 30ರಿಂದ 55 ಡಿಗ್ರಿಗೆ ನೂರು ಸೆಕೆಂಡ್. ಇಳಿಸದಿದ್ದರೆ ಕೈಯಲ್ಲಿ ಹಿಡಿಯಲಾಗದು. ಬೈಯಬೇಕಾದದ್ದು ಗಡಿಯಾರ ನೋಡಿ ಇಳಿಸುವವರನ್ನು. ಮಾಗಿ ಚಳಿಯ ಗಾಳಿಯಲ್ಲೂ ಮೂರು ನಿಮಿಷಕ್ಕೆ ಇಳಿಯುತ್ತದೆ. ಆರಿಸಿ ಹೊತ್ತಿಸಿದರೆ ಗಡಿಯಾರ ಸೊನ್ನೆಯಿಂದ ಶುರುವಾಗಿ, ಆಗಲೇ ಕಾದ ಟಾರ್ಚನ್ನು ಇನ್ನಷ್ಟು ಕಾಯಿಸುತ್ತದೆ. ತಾಪಮಾನ ನೋಡಿ ಇಳಿಸುವುದೇ ಸರಿ.

ಮಂದ ಮೋಡ್‌ನಲ್ಲಿ ಮಿನುಗು ಇನ್ನೊಂದು. ಅಗ್ಗದ ಡ್ರೈವರ್ ಬೆಳಕು ಕಮ್ಮಿ ಮಾಡುವುದು ಎಲ್‌ಇಡಿಯನ್ನು ಪಟಪಟ ಆರಿಸಿ ಹೊತ್ತಿಸಿ. ನಿಧಾನಗತಿಯದಾದರೆ ಮಳೆಹನಿ ಗೆರೆಯಾಗಿ ಕಾಣುವ ಬದಲು ತುಂಡು ತುಂಡಾಗಿ ಕಾಣುತ್ತದೆ, ಹತ್ತು ನಿಮಿಷಕ್ಕೆ ತಲೆ ಭಾರ. ಲೋ ಮೋಡ್‌ನಲ್ಲಿ ಟಾರ್ಚನ್ನು ಸಣ್ಣಗೆ ಬಿಟ್ಟ ನಲ್ಲಿಯ ನೀರಿಗೆ ಹಿಡಿದರೆ ತಿಳಿದುಹೋಗುತ್ತದೆ. ಅಂಗಡಿಯಲ್ಲಾದರೆ ಫೋನಿನ ಕ್ಯಾಮೆರಾ ತೆರೆಯಿರಿ, ಪರದೆಯ ಮೇಲೆ ಕಪ್ಪು ಪಟ್ಟೆ ಓಡಿದರೆ ಬೇಡ.

ಬಣ್ಣ: 6500 ಕೆಲ್ವಿನ್ನಿನ ನೀಲಿಬಿಳಿ ಬೆಳಕಿಗೆ ಅಂಕಿ ದೊಡ್ಡದು ಬರುತ್ತದೆ, ಅದಕ್ಕೇ ಎಲ್ಲರೂ ಅದನ್ನು ಹಾಕುತ್ತಾರೆ. ಒಣ ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲ ಗುರುತಿಸಬೇಕಾದರೆ ಬೇಕಿರುವುದು ಕಂದು ಕಂದಿನ ನಡುವಿನ ವ್ಯತ್ಯಾಸ. 4000ದಿಂದ 5000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕಿ) 90 ಇರುವ ಎಲ್‌ಇಡಿ, ಉದಾಹರಣೆಗೆ ನಿಚಿಯಾ 519ಎ, ಅದನ್ನು ತೋರಿಸುತ್ತದೆ. ಲ್ಯೂಮೆನ್ ಒಂದಿಷ್ಟು ಕಮ್ಮಿಯಾದರೆ ಆಗಲಿ.

ಕತ್ತಲೆಕಣ್ಣು:

ಜೂಮ್ ಟಾರ್ಚ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಎಲ್‌ಇಡಿ ಬೆಳಕು ಚೆಲ್ಲುವುದು ಮುಂದಿನ ಅರ್ಧಗೋಳದ ತುಂಬ. ಜೂಮ್ ಎಳೆದಾಗ ಲೆನ್ಸ್ ದೂರ ಸರಿಯುತ್ತದೆ, ನಡುವಿನ ಗೆರೆಯಿಂದ 35 ಡಿಗ್ರಿಯೊಳಗಿನದ್ದು ಮಾತ್ರ ಲೆನ್ಸಿಗೆ ಸಿಕ್ಕಿತು ಎನ್ನಿ: ಅದು ಒಟ್ಟು ಬೆಳಕಿನ ಮೂರನೇ ಒಂದು ಪಾಲು. ಉಳಿದದ್ದು ಒಳಗಿನ ಕಪ್ಪು ಗೋಡೆಗೆ. ಸಾಲದ್ದಕ್ಕೆ ಪ್ರತಿ ಸಲ ಎಳೆದಾಗ ಸೈಕಲ್ ಪಂಪಿನ ಹಾಗೆ ಹೊರಗಿನ ಗಾಳಿಯನ್ನು ಒಳಗೆ ಹೀರುತ್ತದೆ. ಆಷಾಢದ ಮಳೆಯಲ್ಲಿ ಆ ಗಾಳಿಯ ಜೊತೆ ತೇವವೂ ಬರುತ್ತದೆ, ಒಂದೇ ವಾರಕ್ಕೆ ಲೆನ್ಸ್ ಒಳಗಿನಿಂದ ಮಂಜು.

ಮೂರುಫೇಸ್:

ಅಷ್ಟು ಖಾರ ಬೇಡ. ತೆಂಗಿನ ಮರದ ತುದಿ ನೋಡಕ್ಕೆ, ಕೆರೆ ಏರಿಯ ಆಚೆ ದನ ಎಲ್ಲಿದೆ ಅಂತ ಹುಡುಕಕ್ಕೆ, ಆಮೇಲೆ ಅದನ್ನೇ ಅಗಲ ಮಾಡಿ ಕಾಲಬುಡ ನೋಡಕ್ಕೆ ಇನ್ನೂರು ಮುನ್ನೂರು ರೂಪಾಯಿಯೊಳಗೆ ಅದೊಂದೇ ಸಿಗೋದು. ಮಳೆಗಾಲದಲ್ಲಿ ಮಾತ್ರ ಎಳೆಯದೆ ಒಂದೇ ಕಡೆ ಬಿಡಿ.

ಹಳೇಸೆಲ್ಲು:

ರಬ್ಬರ್ ಉಂಗುರಕ್ಕೆ, ತಿರುಪಿಗೆ ಏನು ಸವರಬೇಕು ಅಂತ ಮುಂದೆ ಯಾರಾದರೂ ಕೇಳ್ತೀರಿ, ಈಗಲೇ ಹೇಳಿಬಿಡ್ತೀನಿ. ಕೊಬ್ಬರಿ ಎಣ್ಣೆ ಬೇಡ. 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತೆ, ಕೆಲವು ತಿಂಗಳಿಗೆ ಅಂಟಂಟಾಗಿ ಮರಳು ಹಿಡಿಯುತ್ತೆ. ಸಿಲಿಕೋನ್ ಗ್ರೀಸ್ ತಗೊಳ್ಳಿ, ಉಂಗುರ ಕಪ್ಪು ನೈಟ್ರೈಲ್ ಆಗಿದ್ದರೆ ಅದೇ ಸರಿ. ಉಂಗುರವೇ ಸಿಲಿಕೋನ್ ಆಗಿದ್ದರೆ ಸಿಲಿಕೋನ್ ಗ್ರೀಸಿಗೆ ಊದಿಕೊಳ್ಳುತ್ತೆ. ಅಕ್ಕಿಕಾಳಿನಷ್ಟು ಸಾಕು, ಹಳೇ ಕಪ್ಪು ಮಡ್ಡಿಯನ್ನ ಬಟ್ಟೆಯಲ್ಲಿ ಪೂರ್ತಿ ಒರೆಸಿದ ಮೇಲೆ. ಕೊಳವೆಯ ಬೋಳು ಅಂಚಿಗೆ ಮಾತ್ರ ಸವರಬೇಡಿ. ಅಲ್ಲಿ ಗ್ರೀಸ್ ಕೂತರೆ ಬೆಳಕು ಮಿಟುಕುತ್ತೆ, ಆಮೇಲೆ ಡ್ರೈವರ್ ಹೋಯ್ತು ಅಂತ ಇಲ್ಲೇ ಬಂದು ಕೇಳ್ತೀರಿ.